ಎಂಟು ಕಿಲೋ ತಾಳ್ಮೆ

ಸುಮ್ಮನೆ ಕೂರುವುದೂ ಒಂದು ಕೆಲಸವೇ ಎಂದು ಯಾರಾದರೂ ಮೂಗು ಮುರಿದರೆ, ಅವರನ್ನು ಒಂದು ಸಲ ಚಿತ್ರಕಲಾ ಶಾಲೆಯ ಮಾಡೆಲ್ ಕಟ್ಟೆಯ ಮೇಲೆ ಕೂರಿಸಬೇಕು. ಹೆಚ್ಚು ಬೇಡ, ಹತ್ತು ನಿಮಿಷ ಸಾಕು. ಮೂರನೇ ನಿಮಿಷಕ್ಕೆ ಮೂಗು ತುರಿಸುತ್ತದೆ. ಐದಕ್ಕೆ ಕುತ್ತಿಗೆ ಸೆಟೆಯುತ್ತದೆ. ಏಳಕ್ಕೆ, ಹುಟ್ಟಿದಾಗಿನಿಂದ ತಂಟೆ ಮಾಡದೆ ಬಿದ್ದಿದ್ದ ಎಡಗಾಲಿನ ಕಿರುಬೆರಳು ನಾನೂ ಇದ್ದೇನೆ ಎಂದು ಹಟ ಹಿಡಿಯುತ್ತದೆ. ಕಂಬದಕ್ಕ ಈ ಕೆಲಸವನ್ನು ಇಪ್ಪತ್ತಾರು ವರ್ಷದಿಂದ ಮಾಡುತ್ತಿದ್ದಳು.

ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಅಲ್ಲೇ ಉಳಿಯಿತು. ಒಮ್ಮೆ ನಿಂತಳೆಂದರೆ ಕಂಬವೇ ಸೈ ಎಂದು ಯಾವುದೋ ವರ್ಷದ ವಿದ್ಯಾರ್ಥಿಗಳು ಕರೆದದ್ದು ಮುಂದಿನವರಿಗೆ ಬಾಯಿಪಾಠವಾಯಿತು. ಶಾಲೆಯಲ್ಲಿ ಗಂಟೆ ಹೊಡೆಯುವ ಅಟೆಂಡರನಿಗೆ ಗಂಟೆಯಣ್ಣ ಎಂದು ಹೆಸರು. ಅವನು ಒಂದು ದಿನ ಕಿಟಕಿ ಒರೆಸುತ್ತಾ ಒರೆಸುತ್ತಾ ಕೈಯಲ್ಲಿದ್ದ ಬಟ್ಟೆಯನ್ನು ಮರೆತು ಅವಳ ಭುಜದ ಮೇಲೆ ನೇತುಹಾಕಿ ಹೋದನಂತೆ. ಗಂಟೆ ಹೊಡೆಯುವವರೆಗೂ ಅವಳು ಅದನ್ನು ತೆಗೆಯಲಿಲ್ಲವಂತೆ. ಅವನೇ ಇದನ್ನು ಹೇಳಿಕೊಂಡು ನಗುತ್ತಿದ್ದ, ಅರ್ಧ ಸುಳ್ಳಿದ್ದರೂ ಇದ್ದೀತು.

ಅವಳು ಆ ಶಾಲೆಗೆ ಬಂದದ್ದು ಕಸ ಗುಡಿಸಲಿಕ್ಕೆ. ಪೆನ್ಸಿಲ್ ಸಿಪ್ಪೆ, ಇದ್ದಿಲು ಪುಡಿ, ಹರಿದು ಎಸೆದ ಕಾಗದ, ಇವನ್ನೆಲ್ಲ ಬಾಚಿ ತುಂಬುವ ಕೆಲಸ. ಆಗ ಮಾಡೆಲ್ ಆಗಿದ್ದವನು ಮೂಟೆ ಹೊತ್ತು ಬೆನ್ನು ಬಾಗಿದ ಒಬ್ಬ ಮುದುಕ. ಒಂದು ಬೆಳಿಗ್ಗೆ ಅವನಿಗೆ ಜ್ವರ. ತರಗತಿಯ ಮೇಷ್ಟ್ರು ಅತ್ತಿತ್ತ ನೋಡಿ, "ಏ, ಪೊರಕೆ ಆ ಕಡೆ ಇಡು, ಇಲ್ಲಿ ಬಂದು ಕೂತ್ಕೋ" ಎಂದರು. ಅವಳು ಕೂತಳು. ಆ ಮುದುಕ ವಾಪಸು ಬರಲೇ ಇಲ್ಲ, ಅವಳು ಏಳಲೇ ಇಲ್ಲ.

"ಬರೀ ಕೂತಿದ್ದಕ್ಕೆ ಸಂಬಳ ಕೊಡೋರು ಯಾರೇ? ಸರಿಯಾಗಿ ವಿಚಾರಿಸ್ಕೊಂಡ್ಯಾ?" ಎಂದು ಅವಳಮ್ಮ ಗಾಬರಿಯಾಗಿ ಮರುದಿನವೇ ಶಾಲೆಗೆ ಬಂದು ಕಿಟಕಿಯಲ್ಲಿ ಇಣುಕಿದ್ದಳು. ಮೂವತ್ತು ಜನ ಕತ್ತು ಎತ್ತಿ ಮಗಳನ್ನು ನೋಡುವುದು, ಬಗ್ಗಿ ಗೀಚುವುದು, ಮತ್ತೆ ಎತ್ತಿ ನೋಡುವುದು. ಅಮ್ಮ ಒಂದು ಸುತ್ತು ಒಳಗೆ ಬಂದು ಎಲ್ಲರ ಕಾಗದ ನೋಡಿದಳು. ಹೊರಡುವಾಗ, "ಒಬ್ಬನಿಗೂ ನಿನ್ನ ಮೂಗು ಬರಲಿಲ್ಲ ಬಿಡು, ಭಯ ಏನಿಲ್ಲ" ಎಂದು ಹೇಳಿ ನಿಶ್ಚಿಂತೆಯಿಂದ ಮನೆಗೆ ಹೋದಳು.

ಕೆಲಸಕ್ಕೆ ಒಂದು ಪಟ್ಟು ಇರುತ್ತದೆ. ಕಂಬದಕ್ಕ ಅದನ್ನು ತಾನೇ ಕಂಡುಕೊಂಡಳು. ಎದುರು ಗೋಡೆಯಲ್ಲಿ ಒಂದು ಕಲೆ ಹುಡುಕಿ ಕಣ್ಣನ್ನು ಅಲ್ಲಿ ಕಟ್ಟಿಹಾಕುವುದು. ಮೈಭಾರವನ್ನು ಒಂದೇ ಕಾಲಿನ ಮೇಲೆ ಬಿಡದೆ ಯಾರಿಗೂ ಗೊತ್ತಾಗದ ಹಾಗೆ ಹಂಚುವುದು. ಚಪ್ಪಲಿಯೊಳಗೆ ಬೆರಳು ಆಡಿಸುವುದು. ಇಳಿಯುವ ಮೊದಲು ಸೊಂಟದಲ್ಲಿ ಸಿಕ್ಕಿಸಿಕೊಂಡ ಸೀಮೆಸುಣ್ಣ ತೆಗೆದು ಪಾದದ ಸುತ್ತ ಗೆರೆ ಎಳೆಯುವುದು, ಐದು ನಿಮಿಷ ಬಿಟ್ಟು ಬಂದು ಅದೇ ಗೆರೆಯೊಳಗೆ ಕಾಲಿಟ್ಟರೆ ಭಂಗಿ ಕೂದಲೆಳೆಯಷ್ಟೂ ಕದಲುವುದಿಲ್ಲ. ತಲೆಯೊಳಗೆ ಮಾತ್ರ ಪೂರ್ತಿ ಸ್ವಾತಂತ್ರ್ಯ. ಅಲ್ಲಿ ಅವಳು ಬಟ್ಟೆ ಒಗೆಯುತ್ತಿದ್ದಳು, ಡಬ್ಬಗಳನ್ನು ಇಳಿಸಿ ಒರೆಸುತ್ತಿದ್ದಳು, ನಾದಿನಿಯ ಜೊತೆ ಹಳೆಯ ಜಗಳಗಳನ್ನು ಮತ್ತೆ ಆಡಿ ಪ್ರತಿಯೊಂದನ್ನೂ ಗೆಲ್ಲುತ್ತಿದ್ದಳು.

ಆ ಶಾಲೆಯಲ್ಲಿ ಒಂದು ಹಳೆಯ ಪದ್ಧತಿ ಇತ್ತು. ಇಪ್ಪತ್ತೈದು ನಿಮಿಷಕ್ಕೊಮ್ಮೆ ಗಂಟೆಯಣ್ಣ ಹಿತ್ತಾಳೆಯ ಕೈಗಂಟೆ ಆಡಿಸುತ್ತಾ ಓಣಿಯುದ್ದಕ್ಕೂ ನಡೆಯುತ್ತಾನೆ. ಗಂಟೆ ಕೇಳಿದರೆ ಮಾಡೆಲ್ ಇಳಿಯಬೇಕು, ಐದು ನಿಮಿಷ ವಿಶ್ರಾಂತಿ. ಅರ್ಧ ಕಣ್ಣು ಬರೆದಿದ್ದವನೂ ಕಡ್ಡಿ ಕೆಳಗಿಡಬೇಕು. ಇದನ್ನು ಯಾರು ಮಾಡಿದರೋ ಯಾರಿಗೂ ಗೊತ್ತಿಲ್ಲ, ಎಲ್ಲೂ ಬರೆದೂ ಇಟ್ಟಿರಲಿಲ್ಲ. ಬರೆದಿಡದ ಪದ್ಧತಿ ಸಣ್ಣವರ ಮೇಲೆ ನಡೆಯುತ್ತದೆ, ದೊಡ್ಡವರು ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ.

ದೊಡ್ಡವರು ಬಂದರು. ಅವರನ್ನು ಎಲ್ಲರೂ ಗುರುಗಳು ಎನ್ನುತ್ತಿದ್ದರು. ಪ್ರಿನ್ಸಿಪಾಲರೂ ಹಾಗೇ ಕರೆಯುತ್ತಿದ್ದರು, ಸಂಬಳದ ಚೀಟಿ ಬರೆಯುವ ಗುಮಾಸ್ತನೂ ಹಾಗೇ ಕರೆಯುತ್ತಿದ್ದ. ಕೈಯಲ್ಲಿ ಕಸುಬು ಇರಲಿಲ್ಲ ಎಂದಲ್ಲ, ಇತ್ತು. ಕಸುಬು ಶಾಲೆಯ ನಲ್ಲಿ ರಿಪೇರಿಯವನಿಗೂ ಇತ್ತು. ಆದರೆ ನಲ್ಲಿಯವನು ತಡವಾಗಿ ಬಂದರೆ ಅದು ಸೋಮಾರಿತನ, ಗುರುಗಳು ತಡವಾಗಿ ಬಂದರೆ ಧ್ಯಾನ. ನಲ್ಲಿಯವನು ಸಾಮಾನು ಹರಡಿ ಹೋದರೆ ಗಲೀಜು, ಗುರುಗಳು ಕುಂಚ ತೊಳೆಯದೆ ಬಿಸಾಕಿ ಹೋದರೆ ತನ್ಮಯತೆ. ಗುರುಗಳು ಯಾರ ಹೆಸರನ್ನೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ, ಅದಕ್ಕೂ ಏನೋ ಒಂದು ದೊಡ್ಡ ಮಾತು ಇತ್ತು, ಕಂಬದಕ್ಕನಿಗೆ ಅದು ಬಾಯಿಗೆ ಬರುತ್ತಿರಲಿಲ್ಲ.

ಒಂದು ವರ್ಷ ಹೀಗಾಯಿತು. ನಲ್ಲಿಯವನು ತುಕ್ಕು ಹಿಡಿದ ಕೊಳವೆಯ ಜೊತೆ ಬೆಳಗಿನಿಂದ ಗುದ್ದಾಡಿ, ರೇಗಿ, ಸ್ಪ್ಯಾನರ್ ಎಸೆದ. ಅದು ಕಿಟಕಿಯ ಗಾಜಿಗೆ ಬಿತ್ತು. ಅವತ್ತು ಮಧ್ಯಾಹ್ನದೊಳಗೆ ಅವನನ್ನು ಮನೆಗೆ ಕಳಿಸಿದರು. ಅದೇ ವರ್ಷ ಗುರುಗಳು, ಬಣ್ಣ ತಾವು ಅಂದುಕೊಂಡ ಹಾಗೆ ಬರಲಿಲ್ಲವೆಂದು, ಟರ್ಪೆಂಟೈನ್ ತುಂಬಿದ ಜಾಡಿಯನ್ನು ಗೋಡೆಗೆ ಬೀಸಿ ಒಡೆದರು. ಕಂಬದಕ್ಕನ ಕಿವಿಯಿಂದ ಒಂದು ಗೇಣು ಆಚೆ ಹೋಯಿತು ಅದು. ಪ್ರಿನ್ಸಿಪಾಲರು ಓಡಿಬಂದು ಚೂರುಗಳನ್ನು ಒಂದೊಂದಾಗಿ ಆರಿಸಿದರು. ಗುಡಿಸಲಿಕ್ಕೆ ಎಂದು ತಿಳಿದು ಗಂಟೆಯಣ್ಣ ಮೊರ ತಂದರೆ ಅವನನ್ನು ಗದರಿದರು. ಆ ಚೂರುಗಳು ಈಗ ಹಜಾರದ ಗಾಜಿನ ಬೀರುವಿನಲ್ಲಿ ಮಖಮಲ್ಲಿನ ಮೇಲಿವೆ, ಕೆಳಗೆ 'ಸೃಷ್ಟಿಯ ಒಂದು ಕ್ಷಣ' ಎಂದು ಚೀಟಿ ಅಂಟಿಸಿದೆ. ದಿನಾ ಅದರ ಧೂಳು ಒರೆಸುವ ಪುಣ್ಯ ಗಂಟೆಯಣ್ಣನದು.

ಹೊಸ ಸಭಾಂಗಣ ಕಟ್ಟಿಸಿದಾಗ ಅದರ ಮುಂದಿನ ಗೋಡೆಗೆ ಒಂದಾಳು ಮೀರಿದ ಎತ್ತರದ ಚಿತ್ರ ಬೇಕೆಂದು ಟ್ರಸ್ಟಿನವರು ಕೇಳಿದರು. ಗುರುಗಳು ವಿಷಯ ಆರಿಸಿದರು: ತಾಳ್ಮೆ. ಬಲಸೊಂಟದ ಮೇಲೆ ಬುಟ್ಟಿ ಹೊತ್ತು, ಎಡಗೈಯನ್ನು ಹಣೆಗೆ ಅಡ್ಡ ಹಿಡಿದು ದೂರ ನೋಡುತ್ತಾ ನಿಂತ ಹೆಂಗಸು. ತಾಳ್ಮೆಗೆ ಕಂಬದಕ್ಕನಿಗಿಂತ ಬೇರೆ ಯಾರು ಸಿಗಬೇಕು? ಬೆತ್ತದ ಬುಟ್ಟಿ ಬಂತು. ಖಾಲಿ ಬುಟ್ಟಿ ಗುರುಗಳಿಗೆ ಆಗದು. "ಭಾರ ಸುಳ್ಳಾದ್ರೆ ಚಿತ್ರ ಸುಳ್ಳಾಗುತ್ತೆ" ಎಂದರು. ಗಂಟೆಯಣ್ಣ ಹಿತ್ತಲಿನಿಂದ ಕಲ್ಲು ತಂದು ತುಂಬಿದ. ತೂಗಿ ನೋಡಿದರು, ಎಂಟು ಕಿಲೋ. "ಸರಿಯಾಗಿದೆ" ಎಂದರು ಗುರುಗಳು, ಬುಟ್ಟಿಯನ್ನು ಮುಟ್ಟದೆ.

ಇನ್ನೊಂದು ಆಜ್ಞೆಯೂ ಆಯಿತು. ಗುರುಗಳ ಕೋಣೆಯ ಕಡೆ ಗಂಟೆ ಬರಕೂಡದು. "ಆ ಸದ್ದಿಗೆ ಬಂದ ರೇಖೆ ಓಡಿಹೋಗುತ್ತೆ." ಗಂಟೆಯಣ್ಣ ಓಣಿಯ ಆ ತುದಿಗೆ ಬಂದಾಗ ಗಂಟೆಯ ನಾಲಗೆಗೆ ಕರ್ಚೀಫು ಸುತ್ತಿ, ಕಳ್ಳನ ಹಾಗೆ ಹಾದುಹೋಗುತ್ತಿದ್ದ. ಒಳಗೆ ಗುರುಗಳಿಗೆ ಮನಸ್ಸು ಬಂದಾಗ ವಿಶ್ರಾಂತಿ. ಅವರ ಮನಸ್ಸು ಸಾಮಾನ್ಯವಾಗಿ ತಮಗೆ ಹೊಗೆಸೊಪ್ಪು ಬೇಕೆನಿಸಿದಾಗ ಬರುತ್ತಿತ್ತು.

ಆ ದಿನ ಮನಸ್ಸು ಬರಲಿಲ್ಲ. ಗುರುಗಳ ಹಿಂದೆ ನಾಲ್ಕು ಜನ ಆಯ್ದ ಶಿಷ್ಯರು ಕೈಕಟ್ಟಿ ನಿಂತಿದ್ದರು. ಕಂಬದಕ್ಕ ಬಾಗಿಲಾಚೆ ಕರ್ಚೀಫು ಕಟ್ಟಿದ ಗಂಟೆಯ ಟಪಟಪ ಸದ್ದನ್ನು ಒಂದು ಸಲ ಕೇಳಿದಳು, ಎರಡು ಸಲ ಕೇಳಿದಳು, ಮೂರು, ನಾಲ್ಕು. ಎಡಗಾಲು ಮೊದಲು ಉರಿಯಿತು, ಆಮೇಲೆ ಜುಮ್ಮೆಂದಿತು, ಆಮೇಲೆ ಯಾರದೋ ಕಾಲಿನ ಹಾಗೆ ಆಯಿತು.

"ಗುರುಗಳೇ, ಕಾಲು ಸತ್ತುಹೋಗಿದೆ. ಒಂದು ನಿಮಿಷ ಇಳೀತೀನಿ."

"ಹಾಗೇ ಇರು. ಬಂತು, ಬಂತು."

"ಬೀಳ್ತೀನಿ ಅನ್ಸುತ್ತೆ ಗುರುಗಳೇ."

"ಬಂತು ಅಂದೆನಲ್ಲ! ಹಾಗೇ ಇರು."

ಬಂದದ್ದು ನೆಲ. ಕಂಬದಕ್ಕ ಎರಡಡಿ ಕಟ್ಟೆಯಿಂದ ಬುಟ್ಟಿಸಮೇತ ಉರುಳಿ ಎಡಗೈ ಮೇಲೆ ಬಿದ್ದಳು. ಮಣಿಕಟ್ಟಿನಲ್ಲಿ ಒಣಕಡ್ಡಿ ಮುರಿದ ಹಾಗೆ ಸದ್ದಾಯಿತು. ಒಬ್ಬ ಶಿಷ್ಯ ಮುಂದೆ ಬಂದ. ಗುರುಗಳು ಬೆರಳೆತ್ತಿ ಅವನನ್ನು ತಡೆದರು. "ಮುಟ್ಟಬೇಡ. ಆ ರೇಖೆ ನೋಡು... ಬೆನ್ನಿನ ರೇಖೆ." ಈಸಲಿನ ಚಿತ್ರಹಲಗೆಗೆ ಹೊಸ ಹಾಳೆ ಸಿಕ್ಕಿಸಿಕೊಂಡರು. ಇದ್ದಿಲ ಕಡ್ಡಿ ಓಡತೊಡಗಿತು. ನೆಲದ ಮೇಲೆ ಕೈ ಅವುಚಿಕೊಂಡು ಹಲ್ಲುಕಚ್ಚಿ ಮಲಗಿದ್ದ ಕಂಬದಕ್ಕ ಆ ಸದ್ದು ಕೇಳಿದಳು. ಇಪ್ಪತ್ತಾರು ವರ್ಷ ಸಾವಿರಾರು ಕಡ್ಡಿಗಳ ಸದ್ದು ಕೇಳಿದ ಕಿವಿ ಅದು. ಯಾವುದು ತಡವರಿಸುತ್ತದೆ, ಯಾವುದು ಗೊತ್ತಿದ್ದು ನಡೆಯುತ್ತದೆ ಎಂದು ನೋಡದೆಯೇ ಹೇಳಬಲ್ಲದು. ಇವತ್ತಿನಷ್ಟು ಸಲೀಸಾಗಿ ಈ ಮನುಷ್ಯನ ಕಡ್ಡಿ ಎಂದೂ ಓಡಿರಲಿಲ್ಲ ಎಂದು ಆ ನೋವಿನಲ್ಲೂ ಅವಳಿಗೆ ತಿಳಿಯಿತು. ಅಸಹ್ಯವಾಯಿತು.

ಉರುಳಿದ ಕಲ್ಲಿನ ಸದ್ದಿಗೆ ಗಂಟೆಯಣ್ಣ ಬಂದು ಬಾಗಿಲು ಬಡಿದ, ಯಾರೂ ತೆಗೆಯಲಿಲ್ಲ. ಬಡಿದೂ ಬಡಿದೂ ಕೊನೆಗೆ ಭುಜ ಕೊಟ್ಟು ತಳ್ಳಿದ. ಚಿಲಕ ಕಿತ್ತು ಬಂತು. ಗುರುಗಳು ಆಗಷ್ಟೇ ಹಾಳೆಯ ಮೂಲೆಯಲ್ಲಿ ಸಮಯ ಬರೆಯುತ್ತಿದ್ದರು. ಅವರದೊಂದು ಅಭ್ಯಾಸ: ಪ್ರತಿ ಚಿತ್ರದ ಕೆಳಗೆ ಆಯಾ ದಿನ ಶುರುಮಾಡಿದ ಗಂಟೆ, ನಿಲ್ಲಿಸಿದ ಗಂಟೆ ಎರಡನ್ನೂ ಬರೆಯುವುದು. ಮುಂದೆ ತಮ್ಮ ಜೀವನಚರಿತ್ರೆ ಬರೆಯುವವರಿಗೆ ತೊಂದರೆಯಾಗಬಾರದು ಎಂಬ ದೂರದೃಷ್ಟಿ. ಗಂಟೆಯಣ್ಣ ಅವರನ್ನು ದಾಟಿ ಹೋಗಿ ಅಕ್ಕನನ್ನು ಎಬ್ಬಿಸಿ ಆಸ್ಪತ್ರೆಗೆ ಕರೆದೊಯ್ದ.

ಕಂಬದಕ್ಕನ ಗಂಡ ಮುದ್ರಣಾಲಯದಲ್ಲಿ ಯಂತ್ರ ನಡೆಸಿ ನಿವೃತ್ತನಾದವನು. ಯಂತ್ರದ ಗದ್ದಲಕ್ಕೆ ಕಿವಿ ಮಂದವಾಗಿತ್ತು, ಆದ್ದರಿಂದ ಅವನು ಗುಟ್ಟು ಹೇಳಿದರೂ ಬೀದಿಗೆಲ್ಲ ಕೇಳುತ್ತಿತ್ತು. ಪ್ಲಾಸ್ಟರ್ ಹಾಕಿದ ಕೈಯನ್ನು ಅವನು ಹತ್ತಿರ ಬಂದು ನೋಡಿದ. ಅಡುಗೆಮನೆಗೆ ಹೋಗಿ ಪಾತ್ರೆಗಳ ಜೊತೆ ಜಗಳವಾಡಿ ಏನೋ ಬೇಯಿಸಿ ತಂದ.

"ಎಷ್ಟೊತ್ತು ನಿಲ್ಲಿಸಿದ?" ಎಂದ.

"ಎರಡು ಗಂಟೆ ಮೇಲೆ."

"ಏನು?"

"ಎರಡು ಗಂಟೆ ಮೇಲೆ!"

"ನಮ್ಮ ಮಿಷನ್ನನ್ನೇ ಒಂದೂವರೆ ಗಂಟೆಗೊಂದು ಸಲ ಆಫ್ ಮಾಡಿ ತಣ್ಣಗಾಗೋಕೆ ಬಿಡ್ತಿದ್ವಲ್ಲೇ! ಕಬ್ಬಿಣಕ್ಕೆ ಕೊಡೋ ಮರ್ಯಾದೆ ನಿನಗೆ ಕೊಡಲಿಲ್ವಾ ಆ ಬಣ್ಣದವನು?" ಎಂದು ಅವನು ಕೂಗಿದ್ದಕ್ಕೆ ಎದುರು ಮನೆಯ ಕಿಟಕಿ ತೆರೆದುಕೊಂಡಿತು. ಕಂಬದಕ್ಕನಿಗೆ ಅಳು ಬಂದದ್ದು ಆಗ. ಕೈ ಮುರಿದಾಗ ಬಂದಿರಲಿಲ್ಲ.

ಮರುದಿನ ಅವಳು ದೂರು ಬರೆಸಿದಳು. ಬೇಕಾದದ್ದು ಎರಡೇ: ತಪ್ಪಾಯಿತು ಎಂದು ಗುರುಗಳು ಹೇಳಬೇಕು, ಗಂಟೆಯ ನಿಯಮ ಆ ಕೋಣೆಗೂ ಅನ್ವಯಿಸಬೇಕು. ಶಾಲೆಯವರು ಮೂವರ ಸಮಿತಿ ಮಾಡಿದರು: ಪ್ರಿನ್ಸಿಪಾಲರು, ಟ್ರಸ್ಟಿನ ಹಿರಿಯಮ್ಮ ಒಬ್ಬರು, ಪತ್ರಿಕೆಗಳಿಗೆ ಕಲೆಯ ಬಗ್ಗೆ ಬರೆಯುವ ವಿಮರ್ಶಕರು ಒಬ್ಬರು. ಅದು ಸೇರುವ ಹೊತ್ತಿಗೆ ಮೂರು ವಾರವಾಗಿತ್ತು. ಅಷ್ಟರಲ್ಲಿ ಗುರುಗಳು ನೆಲದ ಮೇಲೆ ಬಿದ್ದವಳ ಚಿತ್ರಕ್ಕೆ 'ಪತನ' ಎಂದು ಹೆಸರಿಟ್ಟು, ಚೌಕಟ್ಟು ಹಾಕಿಸಿ, ಪ್ರಿನ್ಸಿಪಾಲರಿಗೆ ಉಡುಗೊರೆ ಕೊಟ್ಟಿದ್ದರು. ಅದು ಅವರ ಕೋಣೆಯ ಗೋಡೆಯಲ್ಲಿ ತೂಗುತ್ತಿತ್ತು. ವಿಚಾರಣೆ ನಡೆದದ್ದೂ ಅದರ ಕೆಳಗೇ.

"ನೋಡಮ್ಮ, ನಿನಗಾದ ನೋವು ನಮಗೆ ಅರ್ಥವಾಗುತ್ತೆ" ಎಂದು ಪ್ರಿನ್ಸಿಪಾಲರು ಶುರುಮಾಡಿದರು. ಈ ಮಾತಿನಿಂದ ಶುರುವಾದ ಯಾವುದೂ ಒಳ್ಳೆಯದರಲ್ಲಿ ಮುಗಿದದ್ದಿಲ್ಲ. "ಆದರೆ ಗುರುಗಳು ಆ ಹೊತ್ತಲ್ಲಿ ಈ ಲೋಕದಲ್ಲೇ ಇರಲ್ಲ. ಕಲಾವಿದರ ಮನಸ್ಸು ತುಂಬಾ ಸೂಕ್ಷ್ಮ."

"ನನ್ನ ಮೂಳೆನೂ ಸೂಕ್ಷ್ಮವಾಗೇ ಇತ್ತು ಸಾರ್."

ಹಿರಿಯಮ್ಮ ಕೆಮ್ಮಿದರು. ಕಂಬದಕ್ಕ ಮುಂದುವರಿಸಿದಳು. "ನಲ್ಲಿಯವನು ಗಾಜು ಒಡೆದ. ಯಾರಿಗೂ ಏಟಾಗಲಿಲ್ಲ. ಆದ್ರೂ ಅವತ್ತೇ ಕಳಿಸಿದ್ರಿ. ಇಲ್ಲಿ ನನ್ನ ಕೈ ಮುರಿದಿದೆ. ಒಂದು ಮಾತು ತಪ್ಪಾಯ್ತು ಅನ್ನೋಕೂ ಆಗಲ್ವಾ?"

"ಅವನು ನಲ್ಲಿಯವನು ಕಣಮ್ಮ" ಎಂದರು ಪ್ರಿನ್ಸಿಪಾಲರು. ಅದಕ್ಕಿಂತ ಹೆಚ್ಚು ವಿವರಣೆ ಬೇಕು ಎಂದು ಅವರಿಗೆ ಅನಿಸಲೇ ಇಲ್ಲ. ಮಳೆ ಬಂದರೆ ನೆಲ ನೆನೆಯುತ್ತದೆ ಎಂಬಷ್ಟು ಸಹಜವಾಗಿ ಹೇಳಿದರು.

"ಸರಿಯಾಗಿ ಎಷ್ಟು ಹೊತ್ತು ನಿಂತಿದ್ದೆ ಅನ್ನೋದಕ್ಕೆ ಏನಾದರೂ ಆಧಾರ ಇದೆಯೇ? ನೋವಿನಲ್ಲಿ ಹೊತ್ತು ಉದ್ದವಾಗಿ ಕಾಣುತ್ತೆ" ಎಂದರು ವಿಮರ್ಶಕರು, ಬಲು ನಯವಾಗಿ.

ಕಂಬದಕ್ಕ ಕಾಯುತ್ತಿದ್ದದ್ದು ಈ ಪ್ರಶ್ನೆಗೇ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಚೆನ್ನಾಗಿದ್ದ ಕೈಯೆತ್ತಿ ಗೋಡೆ ತೋರಿಸಿದಳು. "ಆಧಾರ ನಿಮ್ಮ ತಲೆ ಮೇಲೇ ಇದೆ. ಮೂಲೇಲಿ ಗುರುಗಳೇ ಬರೆದಿದ್ದಾರೆ, ಓದಿ. ನಿಂತ ಚಿತ್ರದ ಮೂಲೆನೂ ಓದಿಸಿ."

ಗುಮಾಸ್ತ ಹೋಗಿ ಬರೆದುಕೊಂಡು ಬಂದ. ನಿಂತ ಚಿತ್ರದ ಮೂಲೆಯಲ್ಲಿ ಆ ದಿನ ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದು ಮುಕ್ಕಾಲು ಎಂದಿತ್ತು. 'ಪತನ'ದ ಮೂಲೆಯಲ್ಲಿ ಹನ್ನೊಂದು ಮುಕ್ಕಾಲರಿಂದ ಹನ್ನೊಂದು ಐವತ್ತೇಳು. ವಿಮರ್ಶಕರು ಕನ್ನಡಕ ಏರಿಸಿ ಹತ್ತಿರ ಹೋಗಿ ಓದಿದರು. ಮತ್ತೊಮ್ಮೆ ಓದಿದರು. ಮುರಿದ ಕೈಯ ಹೆಂಗಸೊಬ್ಬಳು ನೆಲದ ಮೇಲೆ ಬಿದ್ದಿರುವಾಗ ಹನ್ನೆರಡು ನಿಮಿಷ ಒಬ್ಬ ಮನುಷ್ಯ ನಿಂತು ಗೀಚಿದ್ದಾನೆ, ಅವನ ಕೈಬರಹದಲ್ಲೇ ಇದೆ. ಇನ್ನೇನು ಹೇಳುತ್ತಾರೆ ಎಂದು ಕಂಬದಕ್ಕ ಕಾದು ಕೂತಳು.

"ಹನ್ನೆರಡೇ ನಿಮಿಷ!" ಎಂದರು ವಿಮರ್ಶಕರು. ಅವರ ಕಣ್ಣಲ್ಲಿ ನೀರಿತ್ತು. "ಇಂಥ ರೇಖೆ, ಹನ್ನೆರಡೇ ನಿಮಿಷದಲ್ಲಿ!"

"ಹೌದೇ?" ಎಂದು ಹಿರಿಯಮ್ಮ ಎದ್ದು ಬಂದರು. ಪ್ರಿನ್ಸಿಪಾಲರು ಕುರ್ಚಿ ತಿರುಗಿಸಿದರು. ಮೂವರೂ ಬೆನ್ನು ತೋರಿಸಿ ಗೋಡೆಗೆ ಮುಖ ಮಾಡಿ ನಿಂತರು. ಚಿತ್ರದೊಳಗಿನ ಹೆಂಗಸನ್ನು ನೋಡಿ ಮರುಗುತ್ತಾ, ಅದೇ ಹೆಂಗಸು ಹಿಂದೆ ಕುರ್ಚಿಯಲ್ಲಿ ಪ್ಲಾಸ್ಟರ್ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ ಎಂಬುದನ್ನು ಪೂರ್ತಿ ಮರೆತರು. ಕಂಬದಕ್ಕ ಸ್ವಲ್ಪ ಹೊತ್ತು ಆ ಮೂರು ಬೆನ್ನುಗಳನ್ನು ನೋಡಿದಳು. ಆಮೇಲೆ ಎದ್ದು ಮನೆಗೆ ಹೋದಳು.

ಸಮಿತಿಯ ತೀರ್ಮಾನ ವಾರದಲ್ಲಿ ಬಂತು. ಘಟನೆ ವಿಷಾದನೀಯ. ಕಟ್ಟೆಯ ಅಂಚಿಗೆ ಕಟಕಟೆ ಇಲ್ಲದಿರುವುದು ಮತ್ತು ಬಾಗಿಲಿನ ಚಿಲಕ ಮುರಿದಿರುವುದು ಗಮನಕ್ಕೆ ಬಂದಿದೆ. ಈ ಬಗ್ಗೆ ಅಟೆಂಡರನಿಗೆ ಎಚ್ಚರಿಕೆ ನೀಡಲಾಗಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು.

"ಅಕ್ಕಾ, ಎಚ್ಚರಿಕೆ ಪತ್ರ ದಪ್ಪ ಕಾಗದದಲ್ಲಿ ಕೊಟ್ಟಿದ್ದಾರೆ, ನೋಡಿ" ಎಂದು ಗಂಟೆಯಣ್ಣ ಮನೆಗೆ ತಂದು ತೋರಿಸಿ ನಗಿಸಲು ನೋಡಿದ. ಅವಳು ನಗಲಿಲ್ಲ. ನಿನಗೂ ನನ್ನಿಂದ ತೊಂದರೆ ಆಯಿತು ಎಂದಳು.

ಆದರೆ ಒಂದು ವಿಷಯ ಎಲ್ಲರೂ ಮರೆತಿದ್ದರು. 'ತಾಳ್ಮೆ' ಮುಗಿದಿರಲಿಲ್ಲ. ಹಣೆಗೆ ಅಡ್ಡ ಹಿಡಿದ ಎಡಗೈ ಇರಬೇಕಾದಲ್ಲಿ ಕ್ಯಾನ್ವಾಸಿನ ಬಿಳಿ ಬಟ್ಟೆ ಹಾಗೇ ಇತ್ತು. ಗುರುಗಳು ಊಹೆಯಿಂದ ಬರೆಯಲು ಹೋದರು. ಕೈ ಸೌಟಿನ ಹಾಗೆ ಬಂತು. ಅಳಿಸಿ ಬರೆದರು, ಬಾಚಣಿಗೆಯ ಹಾಗೆ ಬಂತು. ಗುರುಗಳಿಗೆ ಎದುರಿಗೆ ಕೈ ಇಲ್ಲದೆ ಕೈ ಬರೆಯಲು ಬರುವುದಿಲ್ಲ ಎಂಬುದು ಕಂಬದಕ್ಕನಿಗೆ ಹದಿನೈದು ವರ್ಷದಿಂದ ಗೊತ್ತಿತ್ತು. ಯಾರೂ ಅವಳನ್ನು ಕೇಳಿರಲಿಲ್ಲ. ಶಿಷ್ಯರಲ್ಲಿ ಒಬ್ಬಳನ್ನು ನಿಲ್ಲಿಸಿ ನೋಡಿದರು; ಮೈ ಒಬ್ಬಳದು, ಕೈ ಒಬ್ಬಳದು ಎಂದು ದೂರದಿಂದಲೇ ಕಾಣುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗುರುಗಳು ಕೋಣೆಯ ಬೆಳಕು ಸರಿಯಿಲ್ಲ ಎಂದರು. ಸಭಾಂಗಣದ ಉದ್ಘಾಟನೆಗೆ ದಿನ ಗೊತ್ತಾಗಿತ್ತು. ಮುಖ್ಯ ಅತಿಥಿಗಳು ಒಪ್ಪಿಯೂ ಆಗಿತ್ತು.

ಪ್ರಿನ್ಸಿಪಾಲರು ಹಣ್ಣಿನ ಚೀಲ ಹಿಡಿದು ಕಂಬದಕ್ಕನ ಮನೆಗೆ ಬಂದರು. ಪ್ಲಾಸ್ಟರ್ ತೆಗೆದು ಆಗಲೇ ಹದಿನೈದು ದಿನವಾಗಿತ್ತು. ಮಣಿಕಟ್ಟು ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತ್ತು.

"ಕಲೆಗೋಸ್ಕರ ಬರಬೇಕು. ನಿನ್ನನ್ನ ಬಿಟ್ರೆ ಆ ಚಿತ್ರ ಪೂರ್ತಿ ಆಗಲ್ಲ. ಒಂದು ರೀತೀಲಿ ಅದು ನಿನ್ನದೇ ಚಿತ್ರ" ಎಂದರು.

"ಏನಂತೆ?" ಎಂದು ಗಂಡ ಒಳಗಿನಿಂದ ಕೂಗಿದ.

"ಚಿತ್ರ ನನ್ನದಂತೆ!"

"ಹಾಗಾದ್ರೆ ಗೋಡೆಯಿಂದ ಬಿಚ್ಚಿ ತಗೊಂಡು ಬಾ, ಸೂರು ಸೋರ್ತಿದೆ, ಅಡ್ಡ ಹಿಡಿಯೋಣ!"

ಪ್ರಿನ್ಸಿಪಾಲರು ಕೇಳದವರ ಹಾಗೆ ಹಣ್ಣಿನ ಚೀಲದ ಗಂಟು ಸರಿಮಾಡಿದರು. ಕಂಬದಕ್ಕ ಯೋಚಿಸಿದಳು. ಕ್ಷಮೆಯಂತೂ ಬರುವುದಿಲ್ಲ, ಆ ಬಾಯಿ ಅದಕ್ಕೆ ಮಾಡಿದ್ದಲ್ಲ. ಎರಡನೆಯದಾದರೂ ಸಿಗಲಿ.

"ಬರ್ತೀನಿ ಸಾರ್. ಗಂಟೆ ನಿಯಮ ಬರೆದು ಸಹಿ ಹಾಕಿ, ಮೊಹರು ಒತ್ತಿ ಕೊಡಿ."

ಅಲ್ಲೇ ಕಾಗದ ತೆಗೆದು ಬರೆದರು. ಅವಳು ಓದಿಸಿಕೊಂಡಳು. 'ಸಾಮಾನ್ಯವಾಗಿ ಇಪ್ಪತ್ತೈದು ನಿಮಿಷಕ್ಕೊಮ್ಮೆ ವಿಶ್ರಾಂತಿ ನೀಡಲಾಗುವುದು.'

"ಆ 'ಸಾಮಾನ್ಯವಾಗಿ' ತೆಗೀರಿ."

"ಅದು ಸುಮ್ನೆ ಬರೆಯೋ ರೂಢಿ ಅಮ್ಮ."

"ಆ ರೂಢಿಯಿಂದಾನೇ ನನ್ನ ಕೈ ಸೊಟ್ಟಗಾಗಿದ್ದು. ತೆಗೀರಿ. 'ಯಾರೇ ಆಗಿರಲಿ' ಅಂತ ಹಾಕಿ. 'ಶಾಲೆಯ ಆವರಣದಲ್ಲಿ ಎಲ್ಲೇ ಆಗಲಿ, ಯಾರೇ ಆಗಿರಲಿ, ಗಂಟೆಯಾದರೆ ಇಳಿಯಬೇಕು' ಅಂತ ಹಾಕಿ."

ಉದ್ಘಾಟನೆಗೆ ಇನ್ನು ಒಂಬತ್ತೇ ದಿನ. ಪ್ರಿನ್ಸಿಪಾಲರು ಬೆವರು ಒರೆಸಿಕೊಂಡು ಅವಳು ಹೇಳಿದಂತೆಯೇ ಬರೆದು, ಆಮೇಲೆ ಮೊಹರು ಒತ್ತಿ ಕಳಿಸಿದರು. ಗಂಟೆಯಣ್ಣ ಅದನ್ನು ಗುರುಗಳ ಬಾಗಿಲಿಗೆ ಹೊಸ ಚಿಲಕದ ಮೇಲೆ ಅಂಟಿಸಿದ. ಗಂಟೆಯ ನಾಲಗೆಗೆ ಸುತ್ತಿದ್ದ ಕರ್ಚೀಫು ಬಿಚ್ಚಿ ಮೂಗು ಒರೆಸಿಕೊಂಡ.

ಕಂಬದಕ್ಕ ಮತ್ತೆ ಕಟ್ಟೆ ಹತ್ತಿದಳು. ಅದೇ ಬುಟ್ಟಿ, ಅದೇ ಎಂಟು ಕಿಲೋ; ಭಾರದ ವಿಷಯದಲ್ಲಿ ಗುರುಗಳು ರಾಜಿಯಾಗಲಿಲ್ಲ, ಅವಳೂ ಕೇಳಲಿಲ್ಲ. ಗುರುಗಳು ಅವಳ ಮುಖ ನೋಡದೆ ಕೈಯನ್ನಷ್ಟೇ ನೋಡಿ ಬರೆದರು. ಗಂಟೆಯಾದಾಗ ತೋರುಬೆರಳು ಅರ್ಧವಾಗಿತ್ತು. "ಹಾಗೇ ಇರು" ಎಂದರು. ಅವಳು ಪಾದದ ಸುತ್ತ ಗೆರೆ ಎಳೆದು, ಬುಟ್ಟಿ ಇಳಿಸಿ, ಓಣಿಗೆ ಹೋಗಿ ನೀರು ಕುಡಿದಳು. ಅರ್ಧ ಬೆರಳಿನ ಎದುರು ಗುರುಗಳು ಐದು ನಿಮಿಷ ಕುಂಚ ಹಿಡಿದು ನಿಂತರು. ಲೋಕವೇನೂ ಮುಳುಗಲಿಲ್ಲ. ಬೆರಳು ಚೆನ್ನಾಗಿಯೇ ಬಂತು. ಸೊಟ್ಟ ಮಣಿಕಟ್ಟನ್ನು ಇದ್ದ ಹಾಗೇ ಬರೆದರು. ಅದು ಹೇಗಾಯಿತು ಎಂದು ಮಾತ್ರ ಕೇಳಲಿಲ್ಲ.

ಉದ್ಘಾಟನೆಯ ಬೆಳಿಗ್ಗೆ ಪ್ರಿನ್ಸಿಪಾಲರಿಗೆ ಒಂದು ಹೊಳಹು ಹೊಳೆಯಿತು. ಪರದೆ ಸರಿದಾಗ ಚಿತ್ರದ ಪಕ್ಕದಲ್ಲೇ ಅದೇ ಬಟ್ಟೆಯಲ್ಲಿ, ಅದೇ ಭಂಗಿಯಲ್ಲಿ ಮಾಡೆಲ್ ನಿಂತಿದ್ದರೆ ಎಷ್ಟು ಚೆನ್ನ! ಪತ್ರಿಕೆಯ ಫೋಟೋದವರಿಗೂ ಅನುಕೂಲ. ಕಂಬದಕ್ಕ ಒಪ್ಪಿದಳು. "ಎಲ್ಲೇ ಆಗಲಿ ಅಂತ ಬರ್ಕೊಟ್ಟಿದ್ದೀರಿ, ನೆನಪಿದೆಯಲ್ಲ?" ಎಂದಳು. "ಇದೆ, ಇದೆ" ಎಂದು ಪ್ರಿನ್ಸಿಪಾಲರು ಹೂಮಾಲೆಯ ಕಡೆ ಓಡಿದರು.

ಪರದೆ ಸರಿಯಿತು. ಚಪ್ಪಾಳೆಯಾಯಿತು. ವೇದಿಕೆಯ ಬಲಗಡೆ ಗೋಡೆಯಷ್ಟು ದೊಡ್ಡ ತಾಳ್ಮೆ, ಅದರ ಬುಡದಲ್ಲಿ ಬುಟ್ಟಿ ಹೊತ್ತ ಕಂಬದಕ್ಕ, ಮಗ್ಗುಲಲ್ಲಿ ಮಾಲೆ ಹಾಕಿಸಿಕೊಂಡ ಗುರುಗಳು. ಎಡಗಡೆ ಸಾಲು ಕುರ್ಚಿ, ನಡುವಿನದು ಗುರುಗಳಿಗಾಗಿ ಮೀಸಲು, ಮೆತ್ತೆ ಹಾಕಿದ್ದು. ವಿಮರ್ಶಕರು ಮೊದಲು ಮಾತನಾಡಿದರು. ಆ ಮಣಿಕಟ್ಟಿನ ಬಾಗು ನೋಡಿ, ಅಲ್ಲಿ ಇಡೀ ಮನುಕುಲದ ಬಳಲಿಕೆ ಇದೆ, ಇಂಥದ್ದನ್ನು ಕಲ್ಪಿಸಲು ಒಬ್ಬ ಮಹಾ ಚೇತನಕ್ಕೆ ಮಾತ್ರ ಸಾಧ್ಯ ಎಂದರು. ಕಂಬದಕ್ಕನ ಹಣೆಯ ಮೇಲಿದ್ದ ಮನುಕುಲದ ಬಳಲಿಕೆ ಸಣ್ಣಗೆ ನೋಯುತ್ತಿತ್ತು.

ಆಮೇಲೆ ಮುಖ್ಯ ಅತಿಥಿಗಳು. ಇವರು ಮೈಕು ಸಿಕ್ಕರೆ ಬಿಡುವವರಲ್ಲ. "ನಾವೆಲ್ಲ ನಮ್ಮ ನಮ್ಮ ಭಾರ ಹೊರೋರು" ಎಂದರು. "ಕಲಾವಿದ ಹಾಗಲ್ಲ. ಕಲಾವಿದ ಇಡೀ ಲೋಕದ ಭಾರ ಹೊರ್ತಾನೆ. ಆದ್ದರಿಂದ ಅವನನ್ನ ನಮ್ಮ ನಿಮ್ಮ ಅಳತೆಯಿಂದ ಅಳೀಬಾರದು..."

ಸಭಾಂಗಣದ ಹಿಂಬಾಗಿಲಲ್ಲಿ ಗಂಟೆ ಬಾರಿಸಿತು.

ಗಂಟೆಯಣ್ಣ ತನ್ನ ಹೊತ್ತಿಗೆ ಸರಿಯಾಗಿ, ಮುಖದಲ್ಲಿ ಏನೂ ತೋರಿಸದೆ, ನಡುದಾರಿಯಲ್ಲಿ ಹಿತ್ತಾಳೆ ಗಂಟೆ ಆಡಿಸುತ್ತಾ ಬಂದು, ವೇದಿಕೆಯ ಮುಂದೆ ತಿರುಗಿ, ಹಾಗೇ ವಾಪಸು ಹೋದ. ಅತಿಥಿಗಳು ಬಾಯಿ ತೆರೆದವರು ತೆರೆದೇ ಇದ್ದರು. ಕಂಬದಕ್ಕ ಹಣೆಯ ಮೇಲಿನ ಕೈ ಇಳಿಸಿದಳು. ಸೊಂಟದಿಂದ ಸೀಮೆಸುಣ್ಣ ತೆಗೆದಳು. ಬಗ್ಗಿ, ಎಲ್ಲರೂ ನೋಡುತ್ತಿರುವಂತೆಯೇ, ಎರಡೂ ಪಾದದ ಸುತ್ತ ನಿಧಾನವಾಗಿ ಗೆರೆ ಎಳೆದಳು. ಆಮೇಲೆ ಪಕ್ಕಕ್ಕೆ ತಿರುಗಿ, "ಗುರುಗಳೇ, ಇದನ್ನ ಸ್ವಲ್ಪ ಹಿಡ್ಕೊಳಿ. ಐದೇ ನಿಮಿಷ" ಎಂದು ಬುಟ್ಟಿಯನ್ನು ಅವರ ತೋಳಿಗೆ ಕೊಟ್ಟಳು.

ಇನ್ನೂರು ಜನರ ಎದುರು ಯಾರಾದರೂ ಕೈಗೆ ಬುಟ್ಟಿ ಕೊಟ್ಟರೆ ಹಿಡಿಯದೆ ಇರುವುದು ಹೇಗೆ? ಗುರುಗಳು ಹಿಡಿದರು. ಹಿಡಿದೊಡನೆ ಅವರ ಮುಖ ಬದಲಾಯಿತು. ಭಾರ ಸುಳ್ಳಾಗಿರಲಿಲ್ಲ. ಅವರು ಒಂದು ಹೆಜ್ಜೆ ತಡವರಿಸಿ, ಸೀಮೆಸುಣ್ಣದ ಗೆರೆಯೊಳಗೇ ಕಾಲಿಟ್ಟು ನಿಂತರು. ಬಿಟ್ಟರೆ ಕಲ್ಲು ಉರುಳುವುದು ಪಕ್ಕದಲ್ಲೇ ಮೈಕಿನ ಮುಂದೆ ನಿಂತಿದ್ದ ಮುಖ್ಯ ಅತಿಥಿಗಳ ಕಾಲಿನ ಮೇಲೆ. ಫೋಟೋದವರು ಇದೂ ಕಾರ್ಯಕ್ರಮದ ಭಾಗ ಎಂದು ತಿಳಿದು ಮುನ್ನುಗ್ಗಿದರು.

ಕಂಬದಕ್ಕ ಮೆಟ್ಟಿಲಿಳಿಯಲಿಲ್ಲ. ವೇದಿಕೆ ದಾಟಿ ಹೋಗಿ, ನಡುವಿನ ಮೆತ್ತೆಯ ಕುರ್ಚಿಯಲ್ಲಿ ಕೂತು ಕಾಲು ಚಾಚಿದಳು. ಪ್ರಿನ್ಸಿಪಾಲರು ಅರ್ಧ ಎದ್ದರು. ಅವಳು ಅವರನ್ನು ನೋಡಿ, "ಯಾರೇ ಆಗಿರಲಿ, ಸಾರ್" ಎಂದಳು. ಅವರು ಕೂತರು. ಹಿಂದಿನ ಸಾಲಿನಲ್ಲಿದ್ದ ಗಂಡ, "ಏನಾಯ್ತು? ಮುಗೀತಾ?" ಎಂದು ಪಕ್ಕದವರನ್ನು ಕೇಳಿದ್ದು ಇಡೀ ಸಭೆಗೆ ಕೇಳಿಸಿತು.

ಎರಡು ನಿಮಿಷವಾಗಿರಲಿಲ್ಲ, ಗುರುಗಳ ತೋಳು ನಡುಗಲು ಶುರುವಾಯಿತು. ಮಾಲೆ ಬುಟ್ಟಿಯ ಅಂಚಿಗೆ ಸಿಕ್ಕಿಕೊಂಡು ಕತ್ತು ಒಂದು ಕಡೆಗೆ ಎಳೆಯಿತು. ಅವರು ಶಿಷ್ಯರ ಕಡೆ ನೋಡಿದರು. ಶಿಷ್ಯರು ಫೋಟೋಗೆ ಅಡ್ಡ ಬರಬಾರದೆಂದು ದೂರ ಸರಿದು ನಿಂತಿದ್ದರು. ಪ್ರಿನ್ಸಿಪಾಲರ ಕಡೆ ನೋಡಿದರು; ಅವರು ನೆಲ ನೋಡುತ್ತಿದ್ದರು. ಕೊನೆಗೆ ಕಂಬದಕ್ಕನ ಕಡೆ ತಿರುಗಿದರು. ಇಷ್ಟು ವರ್ಷದಲ್ಲಿ ಅವಳ ಮುಖವನ್ನು, ಬರೆಯುವುದಕ್ಕಲ್ಲದೆ, ಅವರು ನೋಡಿದ್ದು ಅದೇ ಮೊದಲು.

"ತಗೋಮ್ಮ, ಕೈ ಸೋಲ್ತಿದೆ" ಎಂದರು, ಮೆಲ್ಲಗೆ.

ಕಂಬದಕ್ಕ ಕುರ್ಚಿಗೆ ಬೆನ್ನು ಒರಗಿಸಿ, ಒಂದು ಕಣ್ಣು ಕಿರಿದು ಮಾಡಿ, ಅವರ ಬಾಗಿದ ಬೆನ್ನಿನ ರೇಖೆಯನ್ನು ನೋಡಿದಳು.

"ಹಾಗೇ ಇರಿ ಗುರುಗಳೇ" ಎಂದಳು. "ಬಂತು, ಬಂತು."